ಎದುರುಮನೆ ನಾಯಿಯ ಎಡಗಣ್ಣು

ನನ್ನ ಮರ್ಯಾದೆ ಹೋಗುವುದೆಲ್ಲ ಪ್ರಾಣಿಗಳ ಕಡೆಯಿಂದಲೇ. ಮನುಷ್ಯರ ಜೊತೆ ನಾನು ಹುಷಾರಾಗಿರುತ್ತೇನೆ, ಮಾತು ಕಡಿಮೆ. ಆದರೆ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ದೊಡ್ಡಬಳ್ಳಾಪುರದ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅದನ್ನೇ ಪಾಠ ಮಾಡುತ್ತಿರುವವನಿಗೆ ಪ್ರಾಣಿಗಳ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ತೂಬಗೆರೆ ಕಡೆಯ ನಮ್ಮೂರಿನಲ್ಲಿ ಯಾರ ಮನೆಗೆ ಏನು ನುಗ್ಗಿದರೂ ನನ್ನನ್ನು ಕರೆಯುತ್ತಾರೆ. ಒಮ್ಮೆ ಹತ್ತಡಿ ದೂರದಲ್ಲಿ ನಿಂತು, ಇದು ವಿಷವಿಲ್ಲದ ಹಾವು, ಹೊಡೆಯಬೇಡಿ ಎಂದು ಹದಿನೈದು ಜನರನ್ನು ತಡೆದಿದ್ದೆ. ಅದು ಹನಿ ನೀರಾವರಿಯ ಪೈಪು. ವಿಷವಿಲ್ಲ ಎಂದದ್ದಂತೂ ಸರಿಯಾಗಿತ್ತು.

ಇಂಥವು ಆಗುತ್ತಲೇ ಇರುತ್ತವೆ. ಕಳೆದ ರಾಗಿ ಸುಗ್ಗಿಯಲ್ಲಿ ಒಂದು ನಾಯಿಯ ಕಣ್ಣಿನಿಂದ ಆದವನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಒಪ್ಪಿಸಿ ಹೋದದ್ದು

ನಮ್ಮ ಎದುರುಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಗಂಡ ತೀರಿಕೊಂಡು ಆಗ ಏಳೆಂಟು ತಿಂಗಳಾಗಿತ್ತು. ಹೊಸಕೋಟೆಯಲ್ಲಿರುವ ಮಗಳಿಗೆ ಹೆರಿಗೆಯಾಗಿ, ಆಸ್ಪತ್ರೆ ಅಲ್ಲೇ ಹತ್ತಿರ ಎಂದು ಬಾಣಂತನಕ್ಕೆ ಅಜ್ಜಿಯೇ ಹೊರಟರು. ಮೂರು ತಿಂಗಳ ಮಾತು. ಮನೆಗೆ ಬೀಗ ಹಾಕಬಹುದು, ಮೇಕೆಗಳನ್ನು ಮೈದುನನಿಗೆ ಒಪ್ಪಿಸಬಹುದು. ಉಳಿದವನು ಕೆಂಚ, ಅಜ್ಜಿಯ ಗಂಡ ಸಾಕಿದ್ದ ಕಂದು ಬಣ್ಣದ ನಾಟಿ ನಾಯಿ. ಅವನನ್ನು ನಮ್ಮ ಮನೆಗೆ ಕರೆದುಕೊಂಡು ಬಂದರು.

ನನ್ನ ಹೆಂಡತಿಗೆ ಒಂದೊಂದೇ ಹೇಳುತ್ತ ಹೋದರು: ಅನ್ನ ಮುಟ್ಟುವುದಿಲ್ಲ, ಮುದ್ದೆಯಾದರೆ ತಿನ್ನುತ್ತಾನೆ. ಮುದ್ದೆ ಬಿಸಿ ಇರಬಾರದು. ಗುಡುಗಿದರೆ ಒಳಗೆ ಬಿಟ್ಟುಕೊಳ್ಳಬೇಕು. ಬೈದರೆ ಎರಡು ದಿನ ಊಟ ಬಿಡುತ್ತಾನೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅವರು ಇಷ್ಟು ಹೇಳಿರಲಾರರು. ಕೊನೆಗೆ ನನ್ನ ಕಡೆ ತಿರುಗಿದರು.

"ಹೆಂಗೆ ಬಿಟ್ಟೋಗ್ತಿದೀನೋ ಹಂಗೇ ವಾಪಸ್ ಕೊಡ್ಬೇಕು ಮೇಷ್ಟ್ರೇ. ಅವರ ಕಾಲದ್ದು ಅಂತ ಉಸಿರಾಡ್ತಾ ಉಳಿದಿರೋದು ಇವನೊಬ್ಬನೇ."

ನನಗೆ ಸ್ವಲ್ಪ ಅವಮಾನವಾಯಿತು. ಪ್ರಾಣಿಶಾಸ್ತ್ರವೇ ನನ್ನ ಕಸುಬು, ಇಪ್ಪತ್ತೆರಡು ವರ್ಷದ ಅನುಭವ, ನೀವು ಚಿಂತೆಯೇ ಮಾಡಬೇಡಿ ಎಂದೆ.

"ಗೊತ್ತು," ಎಂದರು ಅಜ್ಜಿ. "ಅದಕ್ಕೇ ಎಲ್ಲಾನೂ ನಿಮ್ಮ ಮನೆಯವರಿಗೇ ಹೇಳಿದ್ದು."

ಗೋಡೆ

ನಮ್ಮ ಮನೆಯ ಮುಂದಿನ ಡಾಂಬರು ರಸ್ತೆಯೇ ಸುಗ್ಗಿಯಲ್ಲಿ ಊರಿನ ಕಣ. ರಾಗಿ ತೆನೆಯನ್ನು ರಸ್ತೆಗೆ ಹರಡುತ್ತಾರೆ, ಬಸ್ಸು ಲಾರಿಗಳು ಬಿಟ್ಟಿಯಾಗಿ ತುಳಿದುಕೊಟ್ಟು ಹೋಗುತ್ತವೆ. ಗಾಳಿ ಬೀಸಿದರೆ ಹೊಟ್ಟು, ದೂಳು, ಒಣಹುಲ್ಲಿನ ಚೂರು ಎಲ್ಲರ ಕಣ್ಣಿಗೂ. ಮನುಷ್ಯರು ಟವೆಲ್ ಅಡ್ಡ ಹಿಡಿಯುತ್ತಾರೆ. ಕೆಂಚ ಆ ಹುಲ್ಲಿನ ರಾಶಿಯೊಳಗೇ ಮೂತಿ ತೂರಿಸಿ ಮಲಗುತ್ತಿದ್ದ.

ಅಜ್ಜಿ ಹೋದ ಮೂರನೇ ವಾರ ಅವನು ನಮ್ಮ ಕಾಂಪೌಂಡಿಗೆ ಮುಖ ಉಜ್ಜಲು ಶುರುಮಾಡಿದ. ಗೇಟಿನಿಂದ ಹೊರಟು ಗೋಡೆಯ ಕೊನೆಯವರೆಗೂ ಎಡಗೆನ್ನೆ ಒರೆಸಿಕೊಂಡು ಹೋಗುವುದು, ಕೂರುವುದು, ಮುಂಗಾಲಿನಿಂದ ಅದೇ ಕೆನ್ನೆ ಕೆರೆದುಕೊಳ್ಳುವುದು. ಒಂದೇ ಕಡೆ ಯಾಕೆ ಉಜ್ಜುತ್ತಾನೆ ಎಂದು ಹೆಂಡತಿ ಕೇಳಿದಳು. ಉಣ್ಣಿ ಎಂದೆ. ಬಾಹ್ಯ ಪರಾವಲಂಬಿಗಳ ಬಗ್ಗೆ ಹತ್ತು ನಿಮಿಷ ಹೇಳಿದೆ. ಅವಳು ಕೊತ್ತಂಬರಿ ಬಿಡಿಸುತ್ತಿದ್ದಳು, ಎದ್ದು ಹೋಗುವ ಹಾಗಿರಲಿಲ್ಲ.

ಸಂಜೆ ಉಣ್ಣಿಪುಡಿ ತಂದು ಎಡಗೆನ್ನೆಗೆ ಧಾರಾಳವಾಗಿ ಸುರಿದೆ. ಕೆಂಚ ಆರು ಸಲ ಸೀನಿ, ಗೇಟಿನ ಪಕ್ಕ ನಿಲ್ಲಿಸಿದ್ದ ಟ್ರ್ಯಾಕ್ಟರ್ ಟ್ರೇಲರಿನ ಕೆಳಗೆ ಹೋಗಿ ಕೂತ. ಮಾರನೆಯ ದಿನ ಗೋಡೆಗೆ ಉಜ್ಜಲಿಲ್ಲ. ನೋಡಿದೆಯಾ ಎಂದೆ. ಅವನು ಗೋಡೆಯ ಹತ್ತಿರ ಬಾರದಿದ್ದುದು ಗೋಡೆಯ ಹತ್ತಿರ ನಾನಿದ್ದೆ ಎಂಬ ಕಾರಣಕ್ಕೆ ಎಂದು ಹೊಳೆಯಲಿಲ್ಲ. ಎಡಗಣ್ಣನ್ನು ಅರ್ಧ ಮುಚ್ಚಿಯೇ ನನ್ನನ್ನು ನೋಡುತ್ತಿದ್ದ. ಆ ಕಣ್ಣಿನಿಂದ ತುಟಿಯವರೆಗೆ ಕೂದಲ ಮೇಲೆ ಒದ್ದೆಯ ಕಂದು ಗೆರೆಯೊಂದು ಇಳಿದಿತ್ತು.

ಹೆಂಡತಿ ಟ್ರೇಲರಿನ ಕೆಳಗೇ ಕೂತು ಅರ್ಧ ಗಂಟೆ ಅವನ ಮೈಯೆಲ್ಲ ಬೆರಳಾಡಿಸಿ ನೋಡಿದಳು. ಕಿವಿಯೊಳಗೆ, ಕತ್ತಿನ ಕೆಳಗೆ, ಕಾಲ್ಬೆರಳ ಸಂದಿಯಲ್ಲಿ. ಒದ್ದೆ ಬಟ್ಟೆಯಿಂದ ಪುಡಿಯನ್ನೆಲ್ಲ ಒರೆಸಿ ಎದ್ದು ಬಂದಳು.

"ಒಂದೂ ಉಣ್ಣಿ ಇಲ್ಲ. ಪುಡಿ ಮಿಕ್ಕಿದ್ರೆ ಗೋಡೆಗೆ ಹಾಕಿ."

ಡೇರಿ ಮುಂದೆ ಉಪನ್ಯಾಸ

ಬೆಳಿಗ್ಗೆ ಹಾಲಿನ ಡೇರಿಗೆ ಹೊರಟಾಗ ಕೆಂಚ ಹಿಂದೆಯೇ ಬಂದ. ಅವನ ಎಡಗಣ್ಣು ಕೆಂಪಾಗಿದ್ದುದನ್ನು ಎಲ್ಲರೂ ನೋಡಿದರು. ಹಾಲು ಅಳೆಯುವ ಸಾಲಿನಲ್ಲಿದ್ದ ಹತ್ತು ಜನಕ್ಕೆ ಹತ್ತು ಮದ್ದು ಗೊತ್ತಿತ್ತು. ಒಬ್ಬರು ಹರಳೆಣ್ಣೆ ಎಂದರು. ಇನ್ನೊಬ್ಬರು ನಂದಿಬಟ್ಟಲು ಹೂವಿನ ರಸ. ಮತ್ತೊಬ್ಬರು ತುಂಬೆಸೊಪ್ಪು ಅಗಿದು ಕಣ್ಣಿಗೆ ಊದಬೇಕು ಎಂದರು. ಊದುವವರು ಯಾರು ಎಂದು ಹೇಳಲಿಲ್ಲ. ಬಾಣಂತಿಯ ಎದೆಹಾಲಾದರೆ ಒಂದೇ ತೊಟ್ಟು ಸಾಕು ಎಂದವರೂ ಇದ್ದರು. ಮೇಲಿನ ಬೀದಿಯಲ್ಲಿ ಒಬ್ಬಳು ಬಾಣಂತಿ ಇದ್ದಾಳೆ, ನಾಯಿಗೆ ಎಂದು ಹೇಳಿ ಕೇಳುವುದೋ ಹೇಳದೆ ಕೇಳುವುದೋ ಎಂಬ ಬಗ್ಗೆ ಎರಡು ಪಕ್ಷಗಳಾದವು.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಕ್ಯಾನಿನ ಮೇಲೆ ಕೈಯಿಟ್ಟುಕೊಂಡು ಉಪನ್ಯಾಸ ಶುರುಮಾಡಿದೆ. ನೂರು ನಾಯಿಗೆ ಮದ್ದು ಹಾಕಿ, ಇನ್ನೊಂದು ನೂರಕ್ಕೆ ಹಾಕದೆ, ಎರಡನ್ನೂ ಹೋಲಿಸಿ ನೋಡಿದ್ದೀರಾ? ಇಲ್ಲ ಅಂದಮೇಲೆ ಅದು ಔಷಧ ಅಲ್ಲ, ಕಟ್ಟುಕತೆ. ಡೇರಿಯ ಕಾರ್ಯದರ್ಶಿ ಹಾಲು ಅಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಇನ್ನೂರು ನಾಯಿ ನಮ್ಮೂರಲ್ಲಿ ಎಲ್ಲಿವೆ ಸಾ ಎಂದು ಯಾರೋ ಹಿಂದಿನಿಂದ ಅಂದರು.

ಮನೆಗೆ ಬಂದು ಫ್ರಿಜ್ಜಿನ ಬಾಗಿಲಿನಲ್ಲಿದ್ದ ಸಣ್ಣ ಬಾಟಲಿ ತೆಗೆದೆ. ಹಿಂದೆ ನನಗೇ ಮದ್ರಾಸ್ ಐ ಬಂದಾಗ ಮೆಡಿಕಲ್ ಸ್ಟೋರಿನವನು ಕೊಟ್ಟಿದ್ದ ಹನಿ. ಮೇಲಿನ ಅಕ್ಷರ ಸಣ್ಣದಿತ್ತು, ಕನ್ನಡಕ ಟಿವಿಯ ಹತ್ತಿರವಿತ್ತು. ಮುದ್ರಿತ ಲೇಬಲ್ ಇದೆ, ಕಂಪನಿ ಮಾಡಿದ್ದು, ಸಾಕು ಎಂದುಕೊಂಡೆ. ನನ್ನ ಕಣ್ಣು ವಾಸಿಯಾಗಿತ್ತಲ್ಲ. ದಿನಕ್ಕೆ ಎರಡು ಸಲ ಹಾಕಿದೆ. ಮಾರನೆಯ ದಿನಕ್ಕೆ ಕೆಂಪು ಕಡಿಮೆಯಾಯಿತು. ಡೇರಿಯಲ್ಲಿ ಹೇಳಿಕೊಂಡೆ. ಇದಕ್ಕೆ ವಿಜ್ಞಾನ ಅನ್ನೋದು ಎಂದೂ ಸೇರಿಸಿದೆ.

ನಾಲ್ಕನೆಯ ದಿನ ಕೆಂಚ ಎಡಗಣ್ಣು ತೆರೆಯಲೇ ಇಲ್ಲ. ರೆಪ್ಪೆಯ ಅಂಚಿನಲ್ಲಿ ಹಳದಿ ಪಿಸುರು. ಬೆಳಕಿಗೆ ಬಂದರೆ ತಲೆ ತಗ್ಗಿಸಿ ಮೂಲೆ ಹುಡುಕುತ್ತಿದ್ದ. ಹಾಲಿಗೆ ಡೇರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಹೋದೆ, ಅವನೂ ಬಂದ. ಕಾರ್ಯದರ್ಶಿ ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಕ್ಯಾನಿನ ಮುಚ್ಚಳ ತೆಗೆಯುತ್ತ ಬಹಳ ವಿನಯದಿಂದ ಕೇಳಿದರು.

"ಎಷ್ಟು ನಾಯಿಗೆ ಹಾಕಿ ನೋಡಿದ್ರಿ ಸಾ?"

ಬಲಗಡೆಯ ವಿಡಿಯೊ

ಪ್ರತಿ ಭಾನುವಾರ ಮಗಳ ಫೋನಿನಿಂದ ಅಜ್ಜಿಯ ವಿಡಿಯೊ ಕಾಲ್. ನಮ್ಮ ಕ್ಷೇಮ ಕೇಳುವ ಶಾಸ್ತ್ರವೆಲ್ಲ ಇಲ್ಲ. ಫೋನ್ ನೇರ ನಾಯಿಯ ಮುಂದೆ ಹಿಡಿಯಬೇಕು.

ಆ ಭಾನುವಾರ ನಾನು ಕೆಂಚನ ಬಲಗಡೆ ಕೂತು, ಅವನ ಬಲಗಣ್ಣು, ಬಲಗಿವಿ, ಅರ್ಧ ಮೂಗು ಮಾತ್ರ ಕಾಣುವಂತೆ ಫೋನ್ ಹಿಡಿದೆ. ನಾಣ್ಯದ ಮೇಲೆ ರಾಜರನ್ನು ಅಚ್ಚು ಹಾಕುವ ಹಾಗೆ. ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ಈ ಕಡೆ ತಿರುಗಿಸಿ ಎಂದರು. ಅವನು ಏನನ್ನೋ ನೋಡುತ್ತಿದ್ದಾನೆ ಎಂದೆ. ಕರೆಯಿರಿ ಎಂದರು. ಈಗಷ್ಟೇ ಉಂಡಿದ್ದಾನೆ, ನಿದ್ದೆ ಎಂದೆ. ನಿದ್ದೆ ಮಾಡೋನು ಏನು ನೋಡ್ತಾನೆ ಎಂದು ಕೇಳಿದರು. ಇದು ತರ್ಕದ ಪ್ರಶ್ನೆ. ನನ್ನ ವಿದ್ಯಾರ್ಥಿಗಳು ಇಂಥದನ್ನು ಕೇಳುವುದಿಲ್ಲ.

"ತಲೆ ಯಾಕೆ ವಾರೆ ಹಿಡ್ಕೊಂಡವ್ನೆ? ಆ ಕಡೆ ಕಣ್ಣಿಗೆ ಏನಾಗೈತೆ?"

ಇಪ್ಪತ್ತೆರಡು ವರ್ಷ ಪ್ರಾಣಿಗಳ ಚಿತ್ರ ತೋರಿಸಿ ಪಾಠ ಮಾಡಿದವನು ನಾನು; ವಾರದ ಮೇಲೆ ಎದುರಿಗೇ ಇಟ್ಟುಕೊಂಡು ನನಗೆ ಅರ್ಥವಾಗದಿದ್ದುದು ಹೊಸಕೋಟೆಯಿಂದ, ಅಂಗೈಯಗಲದ ಗಾಜಿನಲ್ಲಿ, ನಾನು ಮುಚ್ಚಿಟ್ಟರೂ ಅವರಿಗೆ ಕಂಡಿತ್ತು. ಹಲೋ, ಹಲೋ, ಕೇಳಿಸ್ತಿಲ್ಲ, ನೆಟ್‌ವರ್ಕ್ ಇಲ್ಲ ಎಂದು ಅಲ್ಲಾಡದೆ ಕೂತುಬಿಟ್ಟೆ, ಚಿತ್ರ ನಿಂತುಹೋದ ಹಾಗೆ ಕಾಣಲಿ ಎಂದು.

"ಮೇಷ್ಟ್ರೇ," ಎಂದರು ಅಜ್ಜಿ, "ನೀವು ನಿಂತೋಗಿದೀರಿ, ಹಿಂದೆ ಕೋಳಿ ಓಡಾಡ್ತಾ ಐತೆ."

ಒಂದು ಅಂಕದ ಪ್ರಶ್ನೆ

ಮಾರನೆಯ ಬೆಳಿಗ್ಗೆ ಹೆಂಡತಿ ಕಾರಿನ ಹಿಂದಿನ ಸೀಟಿಗೆ ಹಳೆಯ ಕಂಬಳಿ ಹಾಸಿ, ಕೆಂಚನನ್ನು ಹತ್ತಿಸಿ, ಹಾರ್ನ್ ಒತ್ತಿದಳು.

ದೊಡ್ಡಬಳ್ಳಾಪುರದ ಪಶು ಆಸ್ಪತ್ರೆಯಲ್ಲಿ ನಮ್ಮ ಮುಂದೆ ಎರಡು ಹಸು, ಒಂದು ಕುಂಟು ಟಗರು. ರಿಜಿಸ್ಟರಿನಲ್ಲಿ ಹೆಸರು, ಊರು, ಕಸುಬು ಬರೆಸಬೇಕು. ಪ್ರಾಣಿಶಾಸ್ತ್ರದ ಉಪನ್ಯಾಸಕ ಎಂದರೆ ಮುಂದಿನ ಪ್ರಶ್ನೆಗಳು ಏನಿರಬಹುದು ಎಂದು ಗೊತ್ತಿತ್ತು. ಬೇಸಾಯ ಎಂದು ಬರೆಸಿದೆ. ಹಿತ್ತಲಲ್ಲಿ ಅವರೆ ಇತ್ತು.

ಡಾಕ್ಟರು ಮಾಸ್ಕ್ ಹಾಕಿಕೊಂಡ ಚಿಕ್ಕ ವಯಸ್ಸಿನ ಹೆಂಗಸು. ಎಷ್ಟು ದಿನದಿಂದ ಎಂದರು. ನಿನ್ನೆ ಮೊನ್ನೆಯಿಂದ ಎಂದೆ. ಹತ್ತು ದಿನ ಆಯ್ತು ಎಂದಳು ಹೆಂಡತಿ. ಏನಾದರೂ ಹಾಕಿದ್ರಾ? ಏನೂ ಇಲ್ಲ ಎಂದೆ. ಹೆಂಡತಿ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು.

ಡಾಕ್ಟರು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಎತ್ತಿದರು. ಮೂಗಿನ ಕಡೆಯ ಮೂಲೆಯಿಂದ ಗುಲಾಬಿ ಬಣ್ಣದ ಒಂದು ಚರ್ಮ ಸರ್ರನೆ ಕಣ್ಣಿನ ಮೇಲೆ ಜಾರಿ ಬಂತು.

"ಅಯ್ಯೋ ಡಾಕ್ಟ್ರೇ, ಗಡ್ಡೆ," ಎಂದೆ. "ಕ್ಯಾನ್ಸರ್ರಾ?"

ಅವರು ನನ್ನ ಮುಖ ನೋಡಿ ಮಾಸ್ಕ್ ಕೆಳಗಿಳಿಸಿದರು.

"ಸಾರ್, ಅದು ಗಡ್ಡೆ ಅಲ್ಲ. ಮೂರನೇ ರೆಪ್ಪೆ. ನಾಯೀಲಿ ಕೆಲಸ ಮಾಡುತ್ತೆ, ಮನುಷ್ಯರಲ್ಲಿ ಅವಶೇಷ ಮಾತ್ರ ಉಳಿದಿದೆ. ನಿಮೇಷಕ ಪಟಲ. ಒಂದು ಅಂಕಕ್ಕೆ ಗ್ಯಾರಂಟಿ ಅಂತ ನೀವೇ ಅಂಡರ್‌ಲೈನ್ ಮಾಡಿಸಿದ್ರಿ."

ಎರಡನೆಯ ಬೆಂಚಿನ ಹುಡುಗಿ. ಹತ್ತು ಹನ್ನೆರಡು ವರ್ಷದ ಹಿಂದಿನ ಬ್ಯಾಚು. ನಾನು ಬೋರ್ಡಿನ ಮೇಲೆ ಆ ರೆಪ್ಪೆಯನ್ನು ಇಪ್ಪತ್ತೆರಡು ವರ್ಷ ಬಿಳಿ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಅದು ಗುಲಾಬಿ ಬಣ್ಣ ಎಂದು ಅಂದು ಗೊತ್ತಾಯಿತು.

ಆಮೇಲೆ ಆಕೆ ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಸಣ್ಣ ಚಿಮುಟದಿಂದ ಆ ರೆಪ್ಪೆಯನ್ನು ಎಳೆದು ಹಿಡಿದು, ಅದರ ಹಿಂದಿನಿಂದ ಒಂದು ಹುಲ್ಲಿನ ಊಬನ್ನು ಹೊರತೆಗೆದಳು. ಕಾಲು ಅಂಗುಲದ್ದು, ಮೀನಿನ ಮುಳ್ಳಿನ ಹಾಗೆ. ಕೆಂಚ ರೆಪ್ಪೆ ಮಿಟುಕಿಸಿದಾಗಲೆಲ್ಲ ಅದು ಕಣ್ಣುಗುಡ್ಡೆಯನ್ನು ಗೀರುತ್ತಿತ್ತು. ಬಳಿಕ ಇನ್ನೊಂದು ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟಳು. ಕಪ್ಪುಗುಡ್ಡೆಯ ಪಕ್ಕದಲ್ಲಿ ಅವರೆಕಾಳಿನ ಮೂತಿಯಷ್ಟು ಜಾಗ ಹಸಿರಾಗಿ ಹೊಳೆಯಿತು. ಅದು ಗಾಯ. ಇಷ್ಟು ದಿನದ ಗಾಯ ಇಷ್ಟು ಆಳ ಹೋಗಬಾರದಿತ್ತಲ್ಲ ಎಂದು ತನಗೆ ತಾನೇ ಅಂದುಕೊಂಡು, ಮತ್ತೆ ಕೇಳಿದಳು: ನಿಜವಾಗಿಯೂ ಏನೂ ಹಾಕಲಿಲ್ವಾ ಸಾರ್?

ಹೆಂಡತಿ ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರು ಲೇಬಲ್ ಓದಿದಳು. ಕನ್ನಡಕ ಬೇಕಾಗಲಿಲ್ಲ. ಇದರಲ್ಲಿ ಸ್ಟೀರಾಯ್ಡ್ ಇದೆ, ಕೆಂಪು ಇಳಿಸಿ ವಾಸಿಯಾದ ಹಾಗೆ ತೋರಿಸುತ್ತೆ, ಒಳಗೆ ಗಾಯ ಮಾಯೋದಕ್ಕೇ ಬಿಡಲ್ಲ. ಇನ್ನು ನಾಲ್ಕು ದಿನ ಹಾಕಿದ್ದರೆ ಗುಡ್ಡೆ ತೂತಾಗಿ ಕಣ್ಣೇ ಹೋಗುತ್ತಿತ್ತು ಎಂದಳು. ಕಣ್ಣು ನೋವಿಗೆ ಮುಚ್ಚಿಕೊಂಡ ನಾಯಿಯನ್ನು ಅವತ್ತೇ ಕರೆತರಬೇಕು, ಮನೆಯಲ್ಲಿದ್ದ ಹನಿ ಹಾಕಬಾರದು. ಒಂದೊಂದೇ ಮಾತನ್ನು ಬಿಡಿಸಿ, ಎರಡು ಸಲ ಹೇಳಿದಳು. ಅರ್ಥ ಆಯ್ತಾ ಎಂದು ಕೊನೆಗೆ ಕೇಳುವ ರೀತಿ ನನ್ನದೇ. ಆಯ್ತು ಎಂದೆ, ಅದನ್ನು ಹೇಳುವ ವಿದ್ಯಾರ್ಥಿಗಳ ರೀತಿಯಲ್ಲೇ. ಈಗ ಉಳಿಯುತ್ತಾ ಎಂದು ಹೆಂಡತಿ ಕೇಳಿದಳು. ಹೇಳಿದ ಹಾಗೆ ಮಾಡಿದರೆ ಉಳಿಯಬಹುದು ಎಂದಳು ಡಾಕ್ಟರು. ಬಹುದು ಎನ್ನುವ ಮಾತು ಕಾರಿನವರೆಗೂ ನಮ್ಮ ಜೊತೆ ಬಂತು.

ಹೊರಡುವಾಗ ಆಕೆ ರಿಜಿಸ್ಟರ್ ನೋಡಿ, ಇಲ್ಲಿ ಬೇಸಾಯ ಅಂತ ತಪ್ಪಾಗಿ ಬರೆದಿದ್ದಾರೆ, ಉಪನ್ಯಾಸಕರು ಅಂತ ತಿದ್ದಿಸಲಾ ಸಾರ್ ಎಂದಳು.

"ಬೇಡಮ್ಮ," ಎಂದೆ. "ಹಂಗೇ ಇರ್ಲಿ."

ಹನಿ ಹಾಕುವ ವಿಧಾನ

ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಅದರಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸುವುದು, ಆ ಹತ್ತಿ ಎಸೆದು ಬೇರೆಯದು. ಆಮೇಲೆ ಹೊಸ ಹನಿ, ದಿನಕ್ಕೆ ಆರು ಸಲ.

ನಾನು ಬಾಟಲಿ ಎತ್ತಿ ಹಿಡಿದು ಎದುರಿನಿಂದ ಹೋದೆ. ಕೆಂಚ ಎದುರಿನಿಂದ ಬರುವ ನನ್ನನ್ನೂ ಬಾಟಲಿಯನ್ನೂ ಒಟ್ಟಿಗೆ ಬಲ್ಲವನು. ಮೊದಲ ಹನಿ ಅವನ ಕಿವಿಗೆ, ಎರಡನೆಯದು ನನ್ನ ಅಂಗಿಗೆ. ಫೋನಿನಲ್ಲಿ ಆರು ಅಲಾರಂ ಇಟ್ಟೆ. ಎರಡೇ ದಿನದಲ್ಲಿ ಅಲಾರಂ ಕೇಳಿದ ಕೂಡಲೇ ಟ್ರೇಲರಿನ ಕೆಳಗೆ ಹೋಗುವುದನ್ನು ಕಲಿತ. ಅನುಬಂಧಿತ ಪ್ರತಿವರ್ತನ, ಐದು ಅಂಕ. ಹೆಂಡತಿ ಅಲಾರಂ ತೆಗೆಸಿದಳು. ಅವನ ಹಿಂದೆ ಕಾಲು ಚಾಚಿ ಕೂತು, ಗಲ್ಲದ ಕೆಳಗೆ ಕೈಕೊಟ್ಟು ಮುಖ ಮೇಲೆತ್ತಿ, ಹಣೆಯ ಕಡೆಯಿಂದ ಹನಿ ಬಿಟ್ಟು, ಒಂದು ತುಂಡು ಮುದ್ದೆ ಬಾಯಿಗಿಟ್ಟಳು. ಅವನಿಗೆ ಏನಾಯಿತೆಂದೇ ತಿಳಿಯಲಿಲ್ಲ.

ನಾನೇನು ಮಾಡಲಿ ಎಂದು ಕೇಳಿದೆ.

"ಅವನಿಗೆ ಕಾಣದ ಹಾಗೆ ಇರಿ."

ಕೊರಳಪಟ್ಟಿ

ಕಣ್ಣು ಕೆರೆದುಕೊಳ್ಳದ ಹಾಗೆ ಕುತ್ತಿಗೆಗೆ ಆಲಿಕೆಯಂಥ ಪಟ್ಟಿ ಕಟ್ಟಬೇಕು, ಅದರ ಅಂಚು ಮೂಗಿಗಿಂತ ಮುಂದೆ ಬರಬೇಕು ಎಂದು ಡಾಕ್ಟರು ಹೇಳಿದ್ದಳು. ಅಂಗಡಿಯಲ್ಲಿ ಇದ್ದದ್ದು ಮಡಿಲಲ್ಲಿ ಕೂರುವ ಜಾತಿಯ ನಾಯಿಗಳ ಅಳತೆಯದು, ಕೆಂಚನ ಒಂದು ಕಿವಿ ಹಿಡಿಸುವಷ್ಟು. ತಳ ಕತ್ತರಿಸಿದ ಬಕೆಟ್ ಹಾಕಿ ನೋಡಿದೆ. ಅವನು ಬಕೆಟ್ ಸಮೇತ ತೊಟ್ಟಿಯಲ್ಲಿ ನೀರು ಕುಡಿಯಲು ಬಗ್ಗಿ, ನೀರು ಮೊಗೆದುಕೊಂಡು ಎದ್ದ.

ಆಗ ಸ್ಕೂಟರಿಗೆ ಹೊದಿಸಿದ್ದ ಫ್ಲೆಕ್ಸ್ ನೆನಪಾಯಿತು. ಮಳೆಗಾಲದಲ್ಲಿ ಬಸ್ ನಿಲ್ದಾಣದ ಕಂಬದಿಂದ ಗಾಳಿಗೆ ಬಿದ್ದಿದ್ದನ್ನು ತಂದು ಹೊದಿಸಿದ್ದೆ. ನಮ್ಮ ಕಡೆ ಫ್ಲೆಕ್ಸ್ ಹುಟ್ಟುಹಬ್ಬಕ್ಕೆ ಮೇಲೇರುತ್ತದೆ, ಗಾಳಿಗೆ ಕೆಳಗಿಳಿಯುತ್ತದೆ, ಆಮೇಲೆ ಹತ್ತು ವರ್ಷ ಯಾರದೋ ಹುಲ್ಲಿನ ಮೆದೆ ಕಾಯುತ್ತದೆ. ಗಟ್ಟಿ, ಹಗುರ, ಬಾಗುತ್ತದೆ. ಹಿಂಬದಿಯ ಬಿಳಿಯ ಮೇಲೆ ಪೆನ್ಸಿಲಿನಲ್ಲಿ ಅರ್ಧಚಂದ್ರ ಬರೆದು ಕತ್ತರಿಸಿದೆ. ತಿರುಗಿಸಿದಾಗ ಒಂದು ಮೀಸೆ, ಒಂದು ಜೊತೆ ಕಣ್ಣು ಕಂಡವು. ಯಾರೋ ಪುಡಿ ಲೀಡರ್ ಎಂದುಕೊಂಡೆ. ಫ್ಲೆಕ್ಸ್ ಅಂಗಡಿಯಲ್ಲಿ ಎಲ್ಲರ ಮುಖವನ್ನೂ ಒಂದೇ ಬಿಳುಪಿಗೆ ತೊಳೆದು, ಮೀಸೆಗೆ ಒಂದೇ ಕಪ್ಪು ಬಳಿಯುತ್ತಾರೆ. ಬಣ್ಣದ ಕಡೆಯನ್ನು ಒಳಕ್ಕೆ, ಬಿಳಿಯ ಕಡೆಯನ್ನು ಹೊರಕ್ಕೆ ಮಾಡಿ, ರಂಧ್ರಕ್ಕೆ ಲಾಡಿ ಪೋಣಿಸಿ ಕಟ್ಟಿದೆ. ಅಳತೆ ಸರಿಯಾಗಿ ಕೂತಿತು. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ ಎಂದು ನನ್ನನ್ನೇ ಮೆಚ್ಚಿಕೊಂಡೆ.

ಐದನೆಯ ದಿನ ಮತ್ತೆ ಆಸ್ಪತ್ರೆಗೆ ಹೋದೆವು. ಹಸಿರು ಚುಕ್ಕೆ ಸಾಸಿವೆಯಷ್ಟಾಗಿತ್ತು. ಇನ್ನು ಮೂರು ದಿನ ಹನಿ, ಮೂರು ದಿನ ಪಟ್ಟಿ ಎಂದಳು ಡಾಕ್ಟರು. ಅಜ್ಜಿ ಬರಲು ಇನ್ನೂ ಸುಮಾರು ಎರಡು ತಿಂಗಳಿತ್ತು. ಅಷ್ಟರಲ್ಲಿ ಕಣ್ಣು ಹೊಳೆಯುತ್ತಿರುತ್ತದೆ, ಹೇಳುವ ಅಗತ್ಯವೇ ಇಲ್ಲ ಎಂದು ಲೆಕ್ಕ ಹಾಕಿದೆ.

ಅಜ್ಜಿ ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಬಂದರು. ಮಗಳನ್ನು ಅವಳ ಅತ್ತೆಗೆ ಒಪ್ಪಿಸಿ, ಎರಡು ದಿನ ನಾಯಿ ನೋಡಿಕೊಂಡು ಬರ್ತೀನಿ ಎಂದು ಹೊರಟುಬಿಟ್ಟಿದ್ದರಂತೆ. ಬಸ್ಸು ನಿಲ್ಲುವ ಮೊದಲೇ ಕೆಂಚನಿಗೆ ತಿಳಿದದ್ದು ಹೇಗೋ. ನಾನು ಜಗುಲಿಯ ಮೇಲೆ ಪೇಪರ್ ಓದುತ್ತಿದ್ದೆ. ಅವನು ಎದ್ದವನೇ ಗೇಟಿನ ಕೆಳಗಿನ ಸಂದಿಯಲ್ಲಿ ನುಗ್ಗಿದ. ಪಟ್ಟಿ ಸಿಕ್ಕಿಕೊಂಡಿತು. ಎಳೆದುಕೊಂಡ. ಬಿರುಗಾಳಿಗೆ ಛತ್ರಿ ಮಗುಚುವ ಹಾಗೆ ಪಟ್ಟಿ ಹಿಂದಕ್ಕೆ ಮಗುಚಿತು, ಬಣ್ಣದ ಕಡೆ ಹೊರಗೆ ಬಂತು, ಅವನು ಓಡಿದ. ನಾನು ಪೇಪರ್ ಹಿಡಿದುಕೊಂಡೇ ಹಿಂದೆ ಓಡಿದೆ.

ನಿಲ್ದಾಣದಲ್ಲಿ ಅಜ್ಜಿ ಚೀಲ ಕೆಳಗಿಟ್ಟು ನಿಂತಿದ್ದರು. ಜೊತೆಗೆ ಇಳಿದವರು, ರಾಗಿ ಗುಡಿಸುತ್ತಿದ್ದವರು, ಡೇರಿಯ ಕಾರ್ಯದರ್ಶಿ. ಎಲ್ಲರೂ ನೋಡುತ್ತಿದ್ದರು. ಕೆಂಚ ಅಜ್ಜಿಯ ಸುತ್ತ ಕುಣಿಯುತ್ತಿದ್ದ. ಅವನ ಕೊರಳಿನ ಸುತ್ತ, ಹೂವಿನ ಹಾರದ ಚೌಕಟ್ಟಿನೊಳಗೆ, ಬೆಳ್ಳಗೆ ತೊಳೆದ ಮುಖದಲ್ಲಿ ನಗುತ್ತಿದ್ದವರು ಅಜ್ಜಿಯ ಗಂಡ. ತೀರಿಕೊಂಡಾಗ ಯುವಕ ಸಂಘದ ಹುಡುಗರು ಹಾಕಿಸಿದ್ದ ಶ್ರದ್ಧಾಂಜಲಿಯ ಫ್ಲೆಕ್ಸ್ ಅದು. ಇಪ್ಪತ್ತು ವರ್ಷ ಎದುರುಮನೆಯಲ್ಲಿದ್ದ ಮನುಷ್ಯ. ನಾನು ಆ ಮುಖವನ್ನು ಕೈಯಲ್ಲಿ ಹಿಡಿದು ಕತ್ತರಿಸಿದ್ದೆ.

ನಾನು ಅಲ್ಲೇ, ಎಲ್ಲರ ಮುಂದೆ, ಎಲ್ಲವನ್ನೂ ಹೇಳಿದೆ. ಉಣ್ಣಿಪುಡಿ, ನನ್ನ ಹನಿ, ಬಲಗಡೆಯ ವಿಡಿಯೊ, ಸ್ಕೂಟರ್, ಕತ್ತರಿ. ಬಿಚ್ಚಿಬಿಡುತ್ತೇನೆ ಎಂದು ಬಗ್ಗಿದೆ. ಕೆಂಚ ಕುಣಿಯುತ್ತಲೇ ಇದ್ದ, ಲಾಡಿಯ ಗಂಟು ಸಿಕ್ಕಲಿಲ್ಲ.

ಅಜ್ಜಿ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು. ರಸ್ತೆಯ ಅಂಚಿನಲ್ಲಿ ಕೂತು ಕೆಂಚನ ಮುಖ ಹಿಡಿದು ಬಿಸಿಲಿಗೆ ತಿರುಗಿಸಿದರು. ಅಂಗೈಯಿಂದ ಬಲಗಣ್ಣು ಮುಚ್ಚಿ, ಇನ್ನೊಂದು ಕೈಯ ಬೆರಳನ್ನು ಎಡಗಣ್ಣಿನ ಮುಂದೆ ಆ ಕಡೆ ಈ ಕಡೆ ಆಡಿಸಿದರು. ಎಡಗಣ್ಣು ಬೆರಳಿನ ಹಿಂದೆ ಹೋಯಿತು, ಬಂತು. ಇನ್ನೊಂದು ಸಲ ಆಡಿಸಿದರು. ಮತ್ತೆ ಹೋಯಿತು, ಬಂತು. ಅಜ್ಜಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನೂ ಬಿಟ್ಟೆ.

ಈ ಪಟ್ಟಿ ಇನ್ನೆಷ್ಟು ದಿನ ಎಂದು ಕೇಳಿದರು. ಎರಡು ದಿನ, ಬೇರೆ ಬಟ್ಟೆಯಲ್ಲಿ ಮಾಡಿಕೊಡ್ತೀನಿ ಎಂದೆ. ಕಣ್ಣಿಗೆ ಒಳ್ಳೇದಾಗೋದಾದ್ರೆ ಇದೇ ಇರಲಿ ಬಿಡಿ ಎಂದರು. ಗಂಡನ ಮುಖದ ಮೇಲೆ ಕೂತಿದ್ದ ರಾಗಿಹೊಟ್ಟನ್ನು ಸೆರಗಿನಿಂದ ಒರೆಸಿದರು. ಮುಖದ ಕೆಳಗೆ ದಪ್ಪಕ್ಷರದಲ್ಲಿ ಏನೋ ಇತ್ತು. ಅವರಿಗೆ ಓದು ಬರುವುದಿಲ್ಲ.

"ಏನು ಬರ್ದೈತೆ ಇದರಲ್ಲಿ? ಓದಿ ಮೇಷ್ಟ್ರೇ."

ಅವರು ಕಾದರು. ಊರೇ ಕಾದಿತು. ಬಾಲ ಅಲ್ಲಾಡಿಸುತ್ತಿದ್ದ ನಾಯಿಯ ಕೊರಳಿನಿಂದ ನಾನು ಗಟ್ಟಿಯಾಗಿ ಓದಿದೆ: "ಮತ್ತೆ ಹುಟ್ಟಿ ಬನ್ನಿ."

ಡೇರಿಯ ಕಾರ್ಯದರ್ಶಿ ಆಕಾಶ ನೋಡಿದರು. ಅಜ್ಜಿ ಗಂಡನ ಮುಖವನ್ನು ನೋಡಿದರು, ನಾಯಿಯ ಮುಖವನ್ನು ನೋಡಿದರು. ಮೊಣಕಾಲಿನ ಮೇಲೆ ಕೈಯೂರಿ ಎದ್ದು ಚೀಲ ತೆಗೆದುಕೊಂಡರು.

"ಅದು ನಾನು ಬರೆಸಿದ್ದಲ್ಲ, ಸಂಘದ ಹುಡುಗ್ರು ಬರೆಸಿದ್ದು," ಎಂದರು. "ನನ್ನ ಕೇಳಿದ್ದಿದ್ರೆ, ಅವಸರ ಏನಿಲ್ಲ, ಅಲ್ಲೇ ಆರಾಮಾಗಿರಿ ಅಂತ ಬರೆಸ್ತಿದ್ದೆ."